ಗಿಳಿಶಾಸ್ತ್ರಕ್ಕೆ ನಗುವವರು ಟ್ಯಾರೋ ಕಾರ್ಡಿಗೆ ಯಾಕೆ ತಲೆ ಬಾಗಿಸುತ್ತಿದ್ದೇವೆ?

ಗಿಳಿಶಾಸ್ತ್ರದವನು ಊರಿಗೆ ಬಂದರೆ ನಾವು ನಗುತ್ತೇವೆ. ಪಂಜರದಿಂದ ಹೊರಬಂದ ಗಿಳಿ ಕೊಕ್ಕಿನಲ್ಲಿ ಒಂದು ಕಾರ್ಡು ಎಳೆಯುತ್ತದೆ. ಅವನು ಅದರಲ್ಲಿರುವ ದೇವರ ಚಿತ್ರ ನೋಡಿ "ಕಷ್ಟ ಕಳೀತು, ಮುಂದೆ ಒಳ್ಳೆ ಕಾಲ ಐತೆ" ಅನ್ನುತ್ತಾನೆ. ಓದಿದ ಹುಡುಗರು "ಇನ್ನೂ ಯಾವ ಕಾಲದಲ್ಲಿದೀರಪ್ಪಾ" ಅಂತ ಗೇಲಿ ಮಾಡುತ್ತಾರೆ. ಅದೇ ಹುಡುಗರು ರಾತ್ರಿ ಹನ್ನೊಂದಕ್ಕೆ ಕಂಬಳಿಯೊಳಗೆ ಮೊಬೈಲ್ ಹಿಡಿದು "ಒಂದು, ಎರಡು, ಮೂರರಲ್ಲಿ ಒಂದು ಕಾರ್ಡ್ ಆರಿಸಿಕೊಳ್ಳಿ" ಅನ್ನುವ ವಿಡಿಯೋ ನೋಡುತ್ತಾರೆ. ಗಿಳಿ ಇಲ್ಲ, ಅಷ್ಟೇ ವ್ಯತ್ಯಾಸ.

ಇದನ್ನು ನಾವು ನವುಲೆಯಲ್ಲಿ ಕೂತು ಬರೆಯುತ್ತಿದ್ದೇವೆ. ಇಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಕೃಷಿ ಕಾಲೇಜಿದೆ. ಬಾಡಿಗೆ ರೂಮುಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂದ ಮಕ್ಕಳಿದ್ದಾರೆ. ಪರೀಕ್ಷೆ, ಕೆಲಸ, ಪ್ರೀತಿ, ಮನೆಯ ಸಾಲ: ಪ್ರಶ್ನೆಗಳಿಗೆ ಬರವಿಲ್ಲ. ಉತ್ತರ ಕೊಡುತ್ತೇವೆ ಅನ್ನುವವರಿಗೂ ಬರವಿಲ್ಲ. ನಮ್ಮ ಮಾತು ಇಷ್ಟೇ. ಟ್ಯಾರೋ ಚಿತ್ರಗಳನ್ನು ನೋಡಿ, ಆಸಕ್ತಿ ಇದ್ದರೆ ಅರ್ಥವನ್ನೂ ಕಲಿಯಿರಿ. ಆದರೆ ಅದಕ್ಕೆ ದುಡ್ಡು ಕೊಡಬೇಡಿ, ಅದನ್ನು ಕೇಳಿ ಬದುಕಿನ ತೀರ್ಮಾನ ಮಾಡಬೇಡಿ.

ಮೊದಲು ಈ ಕಾರ್ಡುಗಳು ಏನು ಅಂತ ತಿಳಿಯೋಣ. ಒಂದು ಕಟ್ಟಿನಲ್ಲಿ 78 ಎಲೆ. ಅದರಲ್ಲಿ 22 ದೊಡ್ಡ ಕಾರ್ಡುಗಳು: ಮೂರ್ಖ, ಚಕ್ರವರ್ತಿ, ಅದೃಷ್ಟದ ಚಕ್ರ, ಸಾವು, ಗೋಪುರ, ಸೂರ್ಯ, ಹೀಗೆ. ಉಳಿದ 56 ಎಲೆ ನಮ್ಮ ಇಸ್ಪೀಟಿನ ಹಾಗೆಯೇ ನಾಲ್ಕು ಗುಂಪು, ಒಂದೊಂದರಲ್ಲಿ 14. ಬಟ್ಟಲು ಅಂದರೆ ಭಾವನೆ, ಕತ್ತಿ ಅಂದರೆ ಯೋಚನೆ ಮತ್ತು ಜಗಳ, ಕೋಲು ಅಂದರೆ ಉತ್ಸಾಹ ಮತ್ತು ಕೆಲಸ, ನಾಣ್ಯ ಅಂದರೆ ದುಡ್ಡು. ಗುಟ್ಟು ಇಷ್ಟೇ. ಒಂದು ವಾರ ಕೂತರೆ ಎಸ್ಸೆಸ್ಸೆಲ್ಸಿ ಓದಿದ ಯಾರು ಬೇಕಾದರೂ ಕಲಿಯಬಹುದು.

"ಸಾವು" ಕಾರ್ಡು ಬಂತು ಅಂತ ಹೆದರುವವರಿದ್ದಾರೆ. ಆ ಚಿತ್ರವನ್ನು ಸರಿಯಾಗಿ ನೋಡಿ. ಬಿಳಿ ಕುದುರೆ ಮೇಲೆ ಅಸ್ಥಿಪಂಜರ, ಕೈಯಲ್ಲಿ ಬಿಳಿ ಹೂವಿನ ಕಪ್ಪು ಬಾವುಟ. ರಾಜ ನೆಲಕ್ಕೆ ಬಿದ್ದಿದ್ದಾನೆ, ಧರ್ಮಗುರು ಕೈಮುಗಿದು ನಿಂತಿದ್ದಾನೆ, ಮಗುವೊಂದು ಮಂಡಿಯೂರಿದೆ. ಹಿಂದೆ ಎರಡು ಕಂಬಗಳ ನಡುವೆ ಸೂರ್ಯ. ಸಾವಿಗೆ ರಾಜನೂ ಒಂದೇ, ಮಗುವೂ ಒಂದೇ ಅನ್ನುವುದು ಚಿತ್ರದ ಮಾತು. ನಮ್ಮೂರಿನ ಅಜ್ಜಿಯರು ಹೇಳುವುದೂ ಇದನ್ನೇ. ಟ್ಯಾರೋ ಹೇಳುವವರು ಈ ಕಾರ್ಡಿಗೆ "ಹಳೆಯದು ಮುಗಿಯಿತು, ಹೊಸದು ಶುರು" ಅಂತ ಅರ್ಥ ಕೊಡುತ್ತಾರೆ. ಹಳೆಯದು ಮುಗಿದು ಹೊಸದು ಶುರುವಾಗದ ಮನೆ ಯಾವುದಿದೆ ಹೇಳಿ?

"ಇದು ಈಜಿಪ್ಟಿನ ಪುರೋಹಿತರ ಸಾವಿರಾರು ವರ್ಷದ ವಿದ್ಯೆ" ಅನ್ನುವ ಮಾತು ವಿಡಿಯೋಗಳಲ್ಲಿ ಬರುತ್ತದೆ. ಸುಳ್ಳು. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯ ಮಿಲಾನ್, ಫೆರಾರಾ ಕಡೆಯ ಶ್ರೀಮಂತರ ಮನೆಗಳಲ್ಲಿ, ಎಲೆ ಆಟವಾಗಿ. ಸುಮಾರು ಮುನ್ನೂರು ವರ್ಷ ಜನ ಅದನ್ನು ಹೆಚ್ಚಾಗಿ ಆಟವಾಗಿಯೇ ಆಡಿದರು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಅನ್ನುವ ಲೇಖಕ ಇದು ಈಜಿಪ್ಟಿನ ಗುಪ್ತ ಗ್ರಂಥ ಅಂತ ಬರೆದ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಬಲ್ಲವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಷಾಂಪೋಲಿಯೋ ಅದನ್ನು ಬಿಡಿಸಿದ್ದು 1822ರಲ್ಲಿ. ಓದಲು ಬಾರದ ಲಿಪಿಯ ಹೆಸರಿನಲ್ಲಿ ಕಟ್ಟಿದ ಕತೆ ಇದು. ಇವತ್ತು ನೀವು ಮೊಬೈಲಿನಲ್ಲಿ ನೋಡುವ ಚಿತ್ರಗಳಂತೂ ಇನ್ನೂ ಹೊಸವು. ಬಹುಪಾಲು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಟ್ಟಿನವು, ಇಲ್ಲವೇ ಅದರ ನಕಲು. ಹೇಳಿ ಬರೆಸಿದವರು ಎ. ಇ. ವೇಟ್, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಅನ್ನುವ ಕಲಾವಿದೆ.

ನಮ್ಮಲ್ಲೂ ಚಿತ್ರದ ಎಲೆಗಳಿದ್ದವು. ಅವು ಗಂಜೀಫ. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ತಾವೇ ಹಲವು ಎಲೆ ಆಟಗಳನ್ನು ರೂಪಿಸಿದರು. ಶ್ರೀತತ್ತ್ವನಿಧಿಯಲ್ಲಿ ಅವುಗಳ ವಿವರ ಇದೆ. ದೇವತೆಗಳು, ನವಗ್ರಹಗಳು ಎಲ್ಲ ಎಲೆಗಳ ಮೇಲೆ ಬಂದರು. ಆದರೂ ಅದು ಆಟವಾಗಿಯೇ ಹೆಸರಾಯಿತು. ಗ್ರಹಗಳ ಚಿತ್ರ ಇದ್ದ ನಮ್ಮ ಎಲೆಯನ್ನು ಆಟ ಅಂದೆವು, ಇಟಲಿಯ ಆಟದ ಎಲೆಯನ್ನು ಭವಿಷ್ಯ ಅನ್ನುತ್ತಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಸುಮ್ಮನೆ ಟೀಕೆ ಮಾಡುವುದು ಬೇಡ ಅಂತ ನಾವೇ ಒಂದು ಕಟ್ಟು ತರಿಸಿದೆವು. ಜೊತೆಗೆ ಬಂದ ಸಣ್ಣ ಪುಸ್ತಕ ಓದಿಕೊಂಡು, ದುಡ್ಡು ತೆಗೆದುಕೊಳ್ಳದೆ, ಪರಿಚಯದವರಿಗೆ ಹೇಳಲು ಕೂತೆವು. ಕೂತ ಮೊದಲ ಸಂಜೆಯೇ ಜನ "ಕರೆಕ್ಟಾಗಿ ಹೇಳಿದ್ರಿ" ಅನ್ನತೊಡಗಿದರು. ನಾವು ಹೇಳಿದ್ದು "ನೀವು ಮನೆಯವರಿಗಾಗಿ ಬಹಳ ಮಾಡಿದ್ದೀರಿ, ಅದು ಅವರಿಗೆ ಗೊತ್ತಾಗಿಲ್ಲ" ಅಂತ. ಯಾರಿಗೆ ಹೇಳಿದರೂ ಕಣ್ಣು ತುಂಬಿ ಬರುತ್ತಿತ್ತು. ಉಳಿದದ್ದನ್ನು ಅವರೇ ಹೇಳಿದರು: ಗಂಡನ ಕುಡಿತ, ಮಗನ ಫೀಸು, ಅಣ್ಣತಮ್ಮಂದಿರ ಪಾಲು. ಅವರು ಹೇಳಿದ್ದನ್ನೇ ಮುಂದಿನ ಕಾರ್ಡಿಗೆ ನಾವು ಸೇರಿಸಿ ಹೇಳಿದೆವು.

ಆಮೇಲೆ ಒಬ್ಬರು ಅಡಿಕೆ ಬೆಳೆಗಾರರು ಬಂದರು. ರಾಶಿ ಅಡಿಕೆ ಮನೆಯಲ್ಲಿದೆ, ಸಾಲದ ಕಂತು ಹತ್ತಿರ ಬಂದಿದೆ, ಈಗ ಮಾರಲೋ ಕಾಯಲೋ ಅಂದರು. ಎಲೆ ತಿರುಗಿಸಿದರೆ ಅದೃಷ್ಟದ ಚಕ್ರ. ಪುಸ್ತಕದಲ್ಲಿದ್ದ ಹಾಗೆ "ಕಾಲ ತಿರುಗುತ್ತದೆ, ಒಳ್ಳೆಯ ಬದಲಾವಣೆ ಇದೆ" ಅಂದೆವು. ಅವರು ಎದ್ದು ನಿಂತು "ಹಂಗಾದ್ರೆ ಇಟ್ಕಳ್ತೀನಿ ಬಿಡಿ" ಅಂದರು. ನಮಗೆ ಎದೆ ಧಸಕ್ ಅಂತು. ಬೆಲೆ ಇಳಿದರೆ ಬಡ್ಡಿ ಕಟ್ಟುವವರು ಅವರು, ನಾವಲ್ಲ. ಕೂರಿಸಿ, ಪುಸ್ತಕ ತೋರಿಸಿ, ನಮಗೆ ಏನೂ ಗೊತ್ತಿಲ್ಲ ಅಂತ ಒಪ್ಪಿಕೊಂಡೆವು. ಅವರು ಪೂರ್ತಿ ನಂಬಲಿಲ್ಲ. "ನಿಮಗೆ ಗೊತ್ತಿಲ್ದೆ ಇರಬಹುದು, ಕಾರ್ಡಿಗೆ ಗೊತ್ತಿರುತ್ತೆ" ಅಂದು ಹೋದರು. ಅವತ್ತೇ ಕಟ್ಟು ಮುಚ್ಚಿಟ್ಟೆವು. ಆ ತಪ್ಪು ನಮ್ಮದೇ.

ನಮ್ಮ ಮಾತು ಎಲ್ಲರಿಗೂ ಯಾಕೆ ಸರಿಹೊಂದಿತು? 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, "ಇದು ನಿನ್ನ ಸ್ವಭಾವ" ಅಂತ ಒಬ್ಬೊಬ್ಬರಿಗೂ ಒಂದು ಬರಹ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಅಂಕ ಕೇಳಿದರೆ 5ಕ್ಕೆ ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ! ಅದರ ಸಾಲುಗಳನ್ನು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿಕೊಂಡಿದ್ದರು.

"ಮನಸ್ಸಿಗೆ ಸಮಾಧಾನ ಆಗುತ್ತೆ, ನಿಮಗೇನು ಕಷ್ಟ?" ಅಂತ ಕೇಳುವವರಿದ್ದಾರೆ. ನಿಜ, ಸಮಾಧಾನ ಆಗುತ್ತದೆ. ನಮ್ಮ ಮುಂದೆ ಕೂತವರಿಗೂ ಆಯಿತು. ಆದರೆ ಅದು ಎಲೆಯಿಂದ ಬಂದದ್ದಲ್ಲ. ಅವರ ಮಾತನ್ನು ನಡುವೆ ತಡೆಯದೆ ಒಬ್ಬರು ಕೇಳಿಸಿಕೊಂಡರು, ಅದರಿಂದ ಬಂದದ್ದು. ಆ ಕೆಲಸ ಅಕ್ಕನೋ ಗೆಳೆಯನೋ ಮಾಡಬಹುದು. ಮನಸ್ಸು ತೀರಾ ಭಾರವಾದರೆ ಸರ್ಕಾರದ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ, ಹರಕೆಯನ್ನೂ ಹೇಳುವುದಿಲ್ಲ.

"ಈ ವಿಡಿಯೋ ನಿಮ್ಮ ಕಣ್ಣಿಗೆ ಬಿದ್ದಿದೆ ಅಂದರೆ ಇದು ನಿಮಗೇ ಬಂದ ಸಂದೇಶ" ಅನ್ನುವ ಮಾತನ್ನಂತೂ ನಂಬಬೇಡಿ. ನಿನ್ನೆ ಅಂಥದ್ದೇ ಒಂದು ನೋಡಿದಿರಿ, ಅದಕ್ಕೆ ಇವತ್ತು ಮೊಬೈಲ್ ಇನ್ನೊಂದು ತೋರಿಸಿತು. ಟ್ರ್ಯಾಕ್ಟರ್ ವಿಡಿಯೋ ನೋಡಿದವರಿಗೆ ಟ್ರ್ಯಾಕ್ಟರೇ ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಇಲ್ಲಿ ಕಾಗೆಯನ್ನು ತಂದು ಕೂರಿಸುವುದೂ ಕಂಪನಿಯೇ.

ವಿಡಿಯೋ ಪುಕ್ಕಟೆ. ಆಮೇಲೆ "ಪರ್ಸನಲ್ ರೀಡಿಂಗ್"ಗೆ ಇಷ್ಟು ಅನ್ನುತ್ತಾರೆ. ಕೆಟ್ಟ ಕಾರ್ಡು ಬಂದರೆ "ಪರಿಹಾರ"ಕ್ಕೆ ಇನ್ನಷ್ಟು. ಗಿಳಿಶಾಸ್ತ್ರದವನು ಹತ್ತಿಪ್ಪತ್ತು ರೂಪಾಯಿಗೆ ಮುಖ ತೋರಿಸಿ ಕೂರುತ್ತಿದ್ದ. ಹೇಳಿದ್ದು ಸುಳ್ಳಾದರೆ ಮುಂದಿನ ವರ್ಷ ಅದೇ ಊರಿನಲ್ಲಿ ಸಿಗುತ್ತಿದ್ದ. ಫೋನ್‌ಪೇ ಮಾಡಿದ ಮೇಲೆ ಇವರನ್ನು ಎಲ್ಲಿ ಹುಡುಕುತ್ತೀರಿ? ಹೆದರಿಸಿ ದುಡ್ಡು ಕಿತ್ತರೆ ತಡಮಾಡದೆ 1930ಕ್ಕೆ ದೂರು ಕೊಡಿ. ಕರ್ನಾಟಕದಲ್ಲಿ ಮೌಢ್ಯದ ವಿರುದ್ಧ 2017ರ ಕಾಯ್ದೆ ಇದೆ ನಿಜ. ಆದರೆ ಜ್ಯೋತಿಷ್ಯ, ವಾಸ್ತುವನ್ನು ಅದು ಹೊರಗಿಟ್ಟಿದೆ. ಕಾಯ್ದೆ ಬಂದು ನಮ್ಮನ್ನು ಕಾಪಾಡುತ್ತದೆ ಅಂತ ಕೂರುವ ಹಾಗಿಲ್ಲ.

ಎಲೆ ತಿರುಗಿಸಿದರೆ ಅಡಿಕೆ ರೇಟು ಗೊತ್ತಾಗುವುದಿಲ್ಲ. ಮಂಡಿಯಲ್ಲಿ, ಮ್ಯಾಮ್ಕೋಸ್‌ನಲ್ಲಿ ಕೇಳಿ. ತೋಟದ ಎಲೆಚುಕ್ಕೆ ರೋಗಕ್ಕೆ ನವುಲೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಎಲೆ ತನ್ನಿ, ಅಡಿಕೆ ಮರದ ಎಲೆ. ಮಗಳಿಗೆ ಯಾವ ಕೋರ್ಸು ಅಂತ ಅವಳ ಮೇಷ್ಟ್ರನ್ನು ಕೇಳಿ, ಅದಕ್ಕಿಂತ ಮೊದಲು ಅವಳನ್ನು ಕೇಳಿ. ಇವರೂ ತಪ್ಪು ಹೇಳಬಹುದು. ಆದರೆ ನಾಳೆ ಹೋಗಿ "ಯಾಕೆ ಹಿಂಗಾಯ್ತು" ಅಂತ ಕೇಳಿದರೆ ಇವರು ಉತ್ತರ ಕೊಡಬೇಕಾಗುತ್ತದೆ. ಕಾರ್ಡಿಗೆ ಆ ಜವಾಬ್ದಾರಿ ಇಲ್ಲ.

ನಮ್ಮ ಕಟ್ಟು ರೂಮಿನಲ್ಲೇ ಇದೆ. ಚಿತ್ರ ನೋಡಬೇಕು ಅನ್ನುವವರು ಬನ್ನಿ, ಚಹಾ ಕುಡಿಯುತ್ತಾ ತೋರಿಸುತ್ತೇವೆ. ಭವಿಷ್ಯ ಮಾತ್ರ ಕೇಳಬೇಡಿ.