ಓಡೋ ಮಕ್ಕಳಿಗೆ ಟಾರು ರಸ್ತೆಯೇ ಯಾಕೆ? ನಮ್ಮ ಕಾಲುದಾರಿ ಎಲ್ಲಿ ಹೋಯ್ತು?

ಕರ್ನಾಟಕದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು ಅಂದರೆ ಗಂಡು ಹುಡುಗರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷ. ಕೇಂದ್ರದ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್‌ಗೆ ಹುಡುಗರು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. ಹುಡುಗಿಯರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದಲ್ಲಿ ಮುಗಿಸಬೇಕು. ಕಟ್ಟಾಯ ಹೋಬಳಿಯಲ್ಲಿ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಎರಡು ಎಕರೆ ಜೋಳ, ಆಲೂಗಡ್ಡೆ, ಒಂದೆರಡು ಹಸು ಇಟ್ಟುಕೊಂಡ ಮನೆಗೆ ತಿಂಗಳ ಸಂಬಳ ಬರುವ ದಾರಿ ಇದೊಂದೇ ಎಂದು ಅವರಿಗೆ ಗೊತ್ತು.

ಪುಸ್ತಕವನ್ನು ಮೊಬೈಲಿನಲ್ಲೇ ಓದಬಹುದು. ಓಟವನ್ನು ಮೊಬೈಲಿನಲ್ಲಿ ಓಡೋಕಾಗಲ್ಲ, ಅದಕ್ಕೆ ಜಾಗ ಬೇಕು.

ಇವರು ಎಲ್ಲಿ ಓಡ್ತಾರೆ? ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಟಾರು ರಸ್ತೆಯ ಅಂಚಿನಲ್ಲಿ. ಎದುರಿಗೆ ಹಾಲಿನ ವ್ಯಾನು, ಹಿಂದಿನಿಂದ ಟಿಪ್ಪರು, ಶುಂಠಿ ತುಂಬಿಕೊಂಡ ಗೂಡ್ಸ್ ಆಟೊ. ಹೆಡ್‌ಲೈಟು ಕಣ್ಣಿಗೆ ಬಿದ್ದಾಗ ಪಕ್ಕಕ್ಕೆ ಇಳಿಯಬೇಕು. ಇಳಿದರೆ ಜಲ್ಲಿ, ಇಲ್ಲ ಚರಂಡಿ. ಕಾಲು ಉಳುಕಿದರೆ ಆ ವರ್ಷದ ನೇಮಕಾತಿ ಅಲ್ಲಿಗೇ ಮುಗೀತು. ಇನ್ನೂ ಕೆಟ್ಟದ್ದು ಆದರೆ ಏನು ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತು ಎತ್ತಿದರೆ ಬರುವ ಮೊದಲ ಉತ್ತರ: "ಸ್ಕೂಲ್ ಫೀಲ್ಡ್ ಇದೆಯಲ್ಲ." ಇದೆ. ನಮ್ಮ ಎಷ್ಟೋ ಶಾಲೆಗಳ ಮೈದಾನದಲ್ಲಿ ಒಂದು ಸುತ್ತು ನೂರು ಮೀಟರ್ ಆದರೆ ಹೆಚ್ಚು. 1600 ಮೀಟರ್ ಆಗಬೇಕಾದರೆ ಹದಿನಾರು ಸುತ್ತು, ಒಂದೊಂದು ಸುತ್ತಿಗೂ ನಾಲ್ಕು ಮೂಲೆಯ ತಿರುವು. ಐದು ಕಿಲೋಮೀಟರ್‌ಗೆ ಐವತ್ತು ಸುತ್ತು. ಗಾಣದ ಎತ್ತಿಗೂ ತಲೆ ತಿರುಗುತ್ತೆ. ಎರಡನೇ ಉತ್ತರ: "ಹಾಸನದ ಸ್ಟೇಡಿಯಂಗೆ ಹೋಗಲಿ." ಹಾಲು ಕರೆದು, ಡೇರಿಗೆ ಹಾಕಿ, ಕಾಲೇಜಿಗೆ ಹೋಗುವ ಹುಡುಗಿ ದಿನಾ ಬೆಳಗ್ಗೆ ಐದಕ್ಕೆ ಹಾಸನದಲ್ಲಿ ಇರಬೇಕಂತೆ. ಹೀಗೆ ಹೇಳುವವರು ಬೈಕಿಗೆ ಪೆಟ್ರೋಲನ್ನೂ ಹಾಕಿಸಿ ಕೊಡಲಿ.

ನಾವು ಹೊಸದಾಗಿ ಏನನ್ನೂ ಕಟ್ಟಿಸಿಕೊಡಿ ಅಂತ ಕೇಳುತ್ತಿಲ್ಲ. ಸಿಂಥೆಟಿಕ್ ಟ್ರ್ಯಾಕ್ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಇದ್ದದ್ದನ್ನು ಬಿಟ್ಟುಕೊಡಿ ಅಂತ ಕೇಳುತ್ತಿದ್ದೇವೆ.

ಊರಿಂದ ಊರಿಗೆ ಬಂಡಿದಾರಿ ಇತ್ತು. ಹೊಲಕ್ಕೆ ಓಣಿ ಇತ್ತು. ಕೆರೆ ಏರಿ ಮೇಲಿಂದ ಗುಂಡುತೋಪಿಗೆ, ಅಲ್ಲಿಂದ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಕಾಲುದಾರಿ ಇತ್ತು. ಅಜ್ಜಿಯಂದಿರನ್ನು ಕೇಳಿ, ತವರಿಗೆ ಯಾವ ದಾರಿಯಲ್ಲಿ ನಡೆದು ಹೋಗ್ತಿದ್ದರು ಅಂತ ಕೈ ಮಾಡಿ ತೋರಿಸ್ತಾರೆ. ಕೈ ತೋರಿಸಿದ ಕಡೆ ಈಗ ತಂತಿಬೇಲಿ ಇರುತ್ತೆ. ಈ ಸೀಮೆಯಲ್ಲಿ ಓಡುವುದೂ ನಿನ್ನೆ ಮೊನ್ನೆಯದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ ನಡೆದದ್ದೇ ಓಡುವವರ ಕಾಲಿನ ಮೇಲೆ. ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಒಬ್ಬ ಹರಿಕಾರ ಒಂದು ಹಂತ ಓಡಿ ಚೀಲವನ್ನು ಇನ್ನೊಬ್ಬನಿಗೆ ದಾಟಿಸುತ್ತಿದ್ದ. 1889ರಲ್ಲಿ ಆ ಅಂಚೆ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಆಗ ಸರ್ಕಾರದ ಕಾಗದ ಓಡುವ ದಾರಿಗೆ ಯಾರಾದರೂ ಬೇಲಿ ಹಾಕಿದ್ದರೆ ದೊರೆ ಸುಮ್ಮನಿರುತ್ತಿದ್ದನೇ?

ದಾರಿ ಹೋದದ್ದು ಒಂದೇ ದಿನದಲ್ಲಿ ಅಲ್ಲ, ಒಬ್ಬನಿಂದಲೂ ಅಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ಹಿನ್ನೀರು ನಿಂತಾಗ ಹಳ್ಳಿಗಳ ಜೊತೆ ದಾರಿಗಳೂ ಮುಳುಗಿದವು. ಅದು ಎಲ್ಲರ ನೀರಿಗಾಗಿ ಆದದ್ದು, ಅರ್ಥವಾಗುತ್ತೆ. ಉಳಿದದ್ದನ್ನು ಮುಳುಗಿಸಿದ್ದು ನೀರಲ್ಲ. ಟ್ರ್ಯಾಕ್ಟರು ವರ್ಷಕ್ಕೆ ಒಂದು ಸಾಲು ಒಳಗೆ ಬಂತು. ಶುಂಠಿಗೆ ಗುತ್ತಿಗೆ ಕೊಟ್ಟ ಜಮೀನಿನವರು ದಾರಿಯನ್ನೂ ಸೇರಿಸಿ ಮಡಿ ಮಾಡಿಸಿದರು. ಬೆಂಗಳೂರಿನಿಂದ ಬಂದು ಜಮೀನು ಕೊಂಡವರು ಮೊದಲು ಮಾಡಿದ ಕೆಲಸ ಗೇಟು ಇಡಿಸಿದ್ದು. ಮೊದಲೆರಡನ್ನು ಮಾಡಿದವರು ನಮ್ಮವರೇ, ನಮ್ಮ ಚಿಕ್ಕಪ್ಪ, ಮಾವಂದಿರೇ. ಅದನ್ನು ಬಚ್ಚಿಟ್ಟು ಬರೀ ಹೊರಗಿನವರನ್ನು ಬೈದರೆ ಯಾರೂ ನಂಬಲ್ಲ.

ಕಟ್ಟಾಯದಿಂದ ಪಶ್ಚಿಮಕ್ಕೆ ಆಲೂರು ದಾಟಿ ಸಕಲೇಶಪುರದ ಕಡೆ ಹತ್ತಿದರೆ ನೆಲ ಎದ್ದು ಗುಡ್ಡವಾಗುತ್ತೆ. ಹೆತ್ತೂರು, ಯಸಳೂರು, ಬಿಸಿಲೆ. ಉಸಿರು ಗಟ್ಟಿಯಾಗಲು ಏರು ಓಡುವುದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ ಅಂತ ಓಟ ಕಲಿಸುವ ಯಾರನ್ನು ಕೇಳಿದರೂ ಹೇಳ್ತಾರೆ. ಇಂಥ ಏರು ಸೀಮೆಯಲ್ಲಿ ಹುಟ್ಟಿದ ಮಕ್ಕಳೇ ತೋಟದ ಗೇಟು ನೋಡಿ ವಾಪಸ್ ತಿರುಗಿ ಹೆದ್ದಾರಿ ಬದಿಗೆ ಬರುತ್ತಾರೆ. ಅದೇ ಮಲೆನಾಡಿನ ಕಾಫಿ ತೋಟಗಳಲ್ಲಿ ಓಟ ನಡೆಯುವುದೇ ಇಲ್ಲ ಅಂದುಕೊಳ್ಳಬೇಡಿ. ಪಕ್ಕದ ಚಿಕ್ಕಮಗಳೂರಿನಲ್ಲಿ 2016ರಿಂದ ಮಲ್ನಾಡ್ ಅಲ್ಟ್ರಾ ಎಂಬ ಓಟ ನಡೆಯುತ್ತಾ ಬಂದಿದೆ. ಐವತ್ತು ಕಿಲೋಮೀಟರ್, ನೂರರ ಆಸುಪಾಸಿನ ದೂರ. ತೋಟದ ದಾರಿಗೆ ಗುರುತಿನ ಪಟ್ಟಿ ಕಟ್ಟಿರುತ್ತಾರೆ, ಅಲ್ಲಲ್ಲಿ ನೀರು, ಹಣ್ಣು ಇಟ್ಟಿರುತ್ತಾರೆ. ದೂರದೂರದಿಂದ ದುಡ್ಡು ಕಟ್ಟಿ ಬಂದು ಓಡ್ತಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ನೂರು ಕಿಲೋಮೀಟರ್ ಓಡುವುದು ತಮಾಷೆ ಅಲ್ಲ, ಅವರು ಅನುಮತಿ ಕೇಳಿಯೇ ಓಡ್ತಾರೆ. ಆದರೆ ಅದರಿಂದ ಒಂದು ವಿಷಯ ಗೊತ್ತಾಯಿತು. ತೋಟದ ದಾರಿಯಲ್ಲಿ ನೂರಾರು ಜನ ಓಡಿದರೂ ಗಿಡ ಒಣಗಲ್ಲ, ಕಾಳುಮೆಣಸಿನ ಬಳ್ಳಿ ಬೀಳಲ್ಲ. ಹಾಗಾದರೆ ಊರಿನ ಹತ್ತು ಮಕ್ಕಳು ಬೆಳಗ್ಗೆ ಅರ್ಧ ಗಂಟೆ ಓಡಿದರೆ ಆಗುವ ನಷ್ಟ ಏನು?

ಸರ್ಕಾರಕ್ಕೆ ಮನಸ್ಸಿದ್ದರೆ ಗುಡ್ಡದ ದಾರಿಗೆ ವ್ಯವಸ್ಥೆ ಮಾಡೋಕೆ ಬರುತ್ತೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಕೂಡಲೇ ಚಾರಣ ನಿಲ್ಲಿಸಿದರು, ಆಮೇಲೆ ಆನ್‌ಲೈನ್ ಬುಕಿಂಗ್ ತಂದರು. ವೀಕೆಂಡಿಗೆ ಬರುವವರ ದಾರಿಗೆ ಇಷ್ಟು ಬೇಗ ನಿಯಮ ಆಗುತ್ತೆ. ದಿನಾ ಓಡುವವರ ದಾರಿ ಯಾವ ಕಚೇರಿಯ ಫೈಲಿನಲ್ಲೂ ಇಲ್ಲ. 2020ರಲ್ಲಿ ಕಂಬಳದ ಗದ್ದೆಯಲ್ಲಿ ಶ್ರೀನಿವಾಸ ಗೌಡರು ಓಡಿದಾಗಲೂ ಹೀಗೇ ಆಯಿತು. ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿ ದೇಶವೆಲ್ಲ ಕುಣಿಯಿತು, ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು, ಅವರು ಕಂಬಳವೇ ಸಾಕು ಅಂದರು. ಹಳ್ಳಿಯವರು ಓಡ್ತಾರೆ ಅನ್ನುವುದು ವೈರಲ್ ಆದ ದಿನ ಮಾತ್ರ ನೆನಪಾಗೋದು.

ಈಗ ಕಾನೂನಿನ ಮಾತು, ಇದನ್ನು ನಿಧಾನವಾಗಿ ಓದಿ. ಪ್ರತಿ ಊರಿಗೂ ಗ್ರಾಮ ನಕಾಶೆ ಇದೆ. ಸರ್ವೆ ಇಲಾಖೆಯ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಆರಿಸಿದರೆ ಮೊಬೈಲಿಗೇ ಇಳಿಯುತ್ತೆ. ಅದರಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ದಾರಿ, ಹಳ್ಳ ಇಂಥ ಸಾರ್ವಜನಿಕ ಬಳಕೆಯ ಜಾಗ ಪಹಣಿಯಲ್ಲಿ ಬಿ ಖರಾಬು ಅಂತ ಬರುತ್ತೆ. ಸುತ್ತಲಿನ ಜಮೀನು ಯಾರ ಹೆಸರಿಗಾದರೂ ಇರಲಿ, ಬಿ ಖರಾಬು ಅವರ ಸ್ವಂತದ್ದಲ್ಲ. 2023ರ ಅಕ್ಟೋಬರಿನಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿ, ನಕಾಶೆಯಲ್ಲಿ ಇರುವ ದಾರಿಯನ್ನು ಯಾರಾದರೂ ಮುಚ್ಚಿದ್ದರೆ ತೆರವು ಮಾಡಿಸಿ ಅಂತ ತಹಶೀಲ್ದಾರರಿಗೆ ಹೇಳಿದೆ. ಅದು ರೈತರು ಹೊಲಕ್ಕೆ ಹೋಗಲಿ ಅಂತ ಮಾಡಿದ್ದು, ನಿಜ. ಆದರೆ ಸಾರ್ವಜನಿಕ ದಾರಿಯನ್ನು ರೈತನಿಗೆ ಬಿಡಿಸಿದ ಮೇಲೆ ಅದೇ ರೈತನ ಮಗಳಿಗೆ ಮುಚ್ಚೋಕೆ ಬರಲ್ಲ. ನಕಾಶೆಯಲ್ಲಿ ಇಲ್ಲದ, ಬರೀ ರೂಢಿಯ ದಾರಿ ಆದರೆ ಕಥೆ ಬೇರೆ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬಳಸಿದ್ದನ್ನು ಸಾಬೀತು ಮಾಡಬೇಕು, ಕೋರ್ಟು ಅಲೆಯಬೇಕು. ಆದ್ದರಿಂದ ಮೊದಲು ನಕಾಶೆಯ ದಾರಿ ಹಿಡಿಯೋಣ.

ತೋಟದವರ ಆತಂಕ ಸುಳ್ಳಲ್ಲ. ಕಾಫಿ ಹಣ್ಣು, ಮೆಣಸು ಕಳವಾಗುತ್ತೆ, ಕೊಯ್ಲಿನ ಹೊತ್ತಲ್ಲಿ ಕಣ್ಣು ಮುಚ್ಚದೆ ಕಾಯ್ತಾರೆ. ಆದರೆ ಕದಿಯಲು ಬರುವವನು ನಂಬರ್ ಹಾಕಿಕೊಂಡು ಬೆಳಕಿನಲ್ಲಿ ದಾರಿ ಮೇಲೆ ಓಡಲ್ಲ. ದಾರಿ ಬಿಟ್ಟು ತೋಟಕ್ಕೆ ಇಳಿಯಬಾರದು, ನಾಯಿ ತರಬಾರದು, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಮಾತ್ರ ಅಂತ ಊರೇ ಕಟ್ಟು ಮಾಡಲಿ, ಒಪ್ಪುತ್ತೇವೆ. ಆನೆಯ ಮಾತು ಇನ್ನೂ ಗಂಭೀರ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವಾಗ ದಸರಾ ಆನೆ ಅರ್ಜುನನೇ ಸತ್ತಿತು. ಆಲೂರು, ಸಕಲೇಶಪುರ, ಬೇಲೂರಿನ ಆನೆ ಓಡಾಟದ ಜಾಗದಲ್ಲಿ ಕತ್ತಲಲ್ಲಿ ಯಾರೂ ಓಡಬಾರದು, ಅಷ್ಟೆ. ಅಲ್ಲಿ ದಾರಿ ಗೊತ್ತುಮಾಡುವಾಗ ಅರಣ್ಯದವರನ್ನು ಕೂರಿಸಿಕೊಂಡೇ ಮಾಡಬೇಕು. ಆ ಭಯವನ್ನು ಕಟ್ಟಾಯದ ಕೆರೆ ಏರಿಯ ಬೇಲಿಗೂ ನೆಪ ಮಾಡಬೇಡಿ.

ಹೊರಗಿನ ಉದಾಹರಣೆ ಬೇಕಾದರೆ, ಕೀನ್ಯಾದ ಇಟೆನ್ ಎಂಬ ಗುಡ್ಡದ ಊರಿದೆ, ಸಮುದ್ರ ಮಟ್ಟಕ್ಕಿಂತ ಸುಮಾರು 2400 ಮೀಟರ್ ಎತ್ತರ. ಲೋಕ ಗೆದ್ದ ಓಟಗಾರರು ಅಲ್ಲಿ ಊರೊಳಗಿನ ಕೆಮ್ಮಣ್ಣಿನ ದಾರಿಯಲ್ಲೇ ಓಡುವುದು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಪ್ರಕಾರ ಬೆಳೆ ತುಳಿಯದೆ, ಮನೆ ಅಂಗಳಕ್ಕೆ ನುಗ್ಗದೆ, ಬೇರೆಯವರ ಜಮೀನಿನಲ್ಲೂ ನಡೆಯಬಹುದು, ಓಡಬಹುದು. ಅಷ್ಟನ್ನು ನಾವು ಕೇಳುತ್ತಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಮಗೆ ಸಿಟ್ಟು ತಡೆಯೋಕಾಗಲ್ಲ. ಹುಡುಗ ಹೇಗೋ ರಸ್ತೆಯಲ್ಲಿ ಓಡಿಕೊಳ್ತಾನೆ. ಹುಡುಗಿ ಓಡಬೇಕಾದರೆ ಅಪ್ಪನೋ ಅಣ್ಣನೋ ಬೈಕಿನಲ್ಲಿ ಹಿಂದೆ ಬರಬೇಕು. ಅವರಿಗೆ ಬಿಡುವಿಲ್ಲದ ದಿನ ಓಟವೂ ಇಲ್ಲ. ಬೈಕಿನವರು ಹಾರ್ನ್ ಹಾಕಿ ಅಣಕಿಸ್ತಾರೆ, ಎರಡು ದಿನಕ್ಕೆ ಮನೆಯಲ್ಲಿ "ಸಾಕು ಬಿಡವ್ವ" ಅಂತಾರೆ. ಊರಿನ ಕಣ್ಣಿಗೆ ಕಾಣುವ, ವಾಹನ ಬರದ ಒಂದು ದಾರಿ ಇದ್ದಿದ್ದರೆ ನಾಲ್ಕು ಹುಡುಗಿಯರು ಜೊತೆಯಾಗಿ ಓಡ್ತಿದ್ದರು, ಯಾರೂ ಕಾವಲು ಬರಬೇಕಿರಲಿಲ್ಲ.

ನಾವು ಕೇಳುವುದು ಇಷ್ಟು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಕಾಶೆಯ ದಾರಿಗಳನ್ನೇ ಜೋಡಿಸಿ ಎರಡೂವರೆ ಕಿಲೋಮೀಟರಿನ ಒಂದು ಓಟದ ದಾರಿ ಗುರುತಿಸಲಿ. ಹೋಗಿ ಬಂದರೆ ಐದಾಗುತ್ತೆ. ಟೇಪು ಹಿಡಿದು ಅಳೆದು 400, 800, 1600 ಮೀಟರಿಗೆ ಸುಣ್ಣ ಬಳಿದ ಕಲ್ಲು ನೆಡಲಿ. ಮುಳ್ಳು ಕಡಿಸಲಿ, ಗುಂಡಿಗೆ ಮಣ್ಣು ಹಾಕಿಸಲಿ. ನರೇಗಾದಲ್ಲಿ "ನಮ್ಮ ಹೊಲ ನಮ್ಮ ದಾರಿ" ಅಂತ ಎಷ್ಟೋ ದಾರಿ ಮಾಡಿದ ಪಂಚಾಯಿತಿಗಳಿಗೆ ಇದು ದೊಡ್ಡ ಕೆಲಸ ಅಲ್ಲ. ಜಲ್ಲಿ, ಟಾರು, ಕಾಂಕ್ರೀಟು ಮಾತ್ರ ಹಾಕಬೇಡಿ ಸ್ವಾಮಿ, ಹಾಕಿದ ಮಾರನೇ ದಿನ ಟಿಪ್ಪರು ಅಲ್ಲೂ ಬರುತ್ತೆ.

ಮುಂದಿನ ಗ್ರಾಮಸಭೆಗೆ ಹೋಗುವಾಗ ಊರಿನ ನಕಾಶೆಯ ಪ್ರಿಂಟ್ ತೆಗೆದುಕೊಂಡು ಹೋಗಿ, ಚುಕ್ಕೆ ಗೆರೆಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಬಾಯಿಮಾತಲ್ಲಿ ಬಿಡದೆ ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ನಕಲು ಪಡೆಯಿರಿ. ತಹಶೀಲ್ದಾರರಿಗೆ ಕೊಡುವ ಅರ್ಜಿಗೆ ಆ ನಕಲು, ನಕಾಶೆ, ಬೇಲಿಯ ಫೋಟೊ ಮೂರನ್ನೂ ಲಗತ್ತಿಸಿ ಸ್ವೀಕೃತಿ ಕೇಳಿ. ದಾರಿ ಮುಚ್ಚಿದವರು ನಿಮ್ಮ ನೆಂಟರೇ ಆಗಿದ್ದರೆ ಅರ್ಜಿಗೆ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಮಾತಾಡಿ. ಅವರ ಮನೆಯಲ್ಲೂ ಈ ವರ್ಷ ಯಾರಾದರೂ ಅರ್ಜಿ ಹಾಕಿರುತ್ತಾರೆ.