ಮಂಚದ ಮೇಲೆ ಕಚೇರಿ ಬೇಡ

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಮರಳಿದ ನಮ್ಮ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುತ್ತಿದ್ದರು. ಈಗ ಹಲವರ ಮನೆಗೇ ಇಂಟರ್‌ನೆಟ್ ಬಂದಿದೆ. ಆದರೆ ಕೆಲಸ ಮಂಚದ ಮೇಲೆ. ಮಳೆಗಾಲದಲ್ಲಂತೂ ಕಂಬಳಿ ಹೊದ್ದೇ ಲ್ಯಾಪ್‌ಟಾಪ್ ತೆರೆಯುತ್ತಾರೆ.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ ಅವುಗಳಲ್ಲಿ ಮೂರು. ಮಂಚದಲ್ಲಿ ದುಡಿಯುವವರ ದೇಹ ಅಲ್ಲಾಡುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ. ರಾತ್ರಿ ಅದೇ ಮಂಚದಲ್ಲಿ ನಿದ್ದೆ ಬಾರದು. ಮರುದಿನ ಎರಡು ತಾಸಿನ ಕೆಲಸಕ್ಕೆ ನಾಲ್ಕು ತಾಸು ಹಿಡಿಯುತ್ತದೆ. ಇಂಥವರು ಅಜೀರ್ಣಕ್ಕೆ ಚೂರ್ಣ ಕೇಳಿಕೊಂಡು ಬಂದರೆ ನಾನೇನು ಕೊಡಲಿ? ಮೇಜು, ಕುರ್ಚಿ, ಕಿಟಕಿಯ ಬೆಳಕು ಇರಲಿ. ಝುಹರ್, ಅಸರ್ ಹೊತ್ತಿಗೆ ಎದ್ದು ವುಝೂ ಮಾಡಿ, ಸಾಧ್ಯವಾದವರು ಮಸೀದಿಗೆ ನಡೆದೇ ಹೋಗಿ. ಮಧ್ಯಾಹ್ನದ ಕೈಲೂಲ ಅರ್ಧ ತಾಸು ಮೀರದಿರಲಿ.

ಮನೆಯ ಹಿರಿಯರಿಗೂ ಒಂದು ಮಾತು. ಸೊಸೆ ಮನೆಯಲ್ಲೇ ಇದ್ದಾಳೆಂದು ಮೀಟಿಂಗ್ ನಡುವೆ ರೊಟ್ಟಿ ತಟ್ಟಲು ಕರೆಯುತ್ತೀರಿ. ಮಗನನ್ನು ಯಾರೂ ಹಾಗೆ ಕರೆಯುವುದಿಲ್ಲ. ಆಕೆಯ ಬೆನ್ನುನೋವಿಗೆ ನಾನು ಕೊಡುವ ಎಣ್ಣೆಗಿಂತ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಹೆಚ್ಚು ಉಪಕಾರಿ. ಕೆಲಸದ ಹೊತ್ತಿನಲ್ಲಿ ಅಡುಗೆ ಯಾರದೆಂದು ಮನೆಯವರೆಲ್ಲ ಕುಳಿತು ಮೊದಲೇ ಮಾತಾಡಿಕೊಳ್ಳಿ.