ಶಾಲು ಹೊದಿಸುವ ಮುನ್ನ ಒಂದು ಹಾಕಿ ಸ್ಟಿಕ್ ಕೊಡೋಣ

ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಂಘಗಳಲ್ಲಿ ಸನ್ಮಾನಿತರ ಪಟ್ಟಿ ಸಿದ್ಧವಾಗತೊಡಗುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಭೆಯಲ್ಲಿ ನಾನು ಹಾಕಿ ಆಟಗಾರ ಎಸ್. ವಿ. ಸುನಿಲ್ ಅವರ ಹೆಸರು ಸೂಚಿಸಿದ್ದೆ. "ಒಲಿಂಪಿಕ್ಸ್ ಪದಕ ಬಂದಿದೆಯೇ?" ಎಂದು ಹಿರಿಯರೊಬ್ಬರು ಕೇಳಿದರು. ಇಲ್ಲವೆಂದೆ. ಚರ್ಚೆ ಅಲ್ಲಿಗೇ ಮುಗಿದು ಮುಂದಿನ ಹೆಸರಿಗೆ ಹೋಯಿತು. ಆ ಪ್ರಶ್ನೆ ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಸುನಿಲ್ ಕೊಡಗಿನ ಸೋಮವಾರಪೇಟೆಯವರು. ತಂದೆ ವಿಠಲಾಚಾರ್ಯರದು ಬಡಗಿ ಕೆಲಸ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಹಾಕಿ ಸ್ಟಿಕ್ ಕೊಳ್ಳಲು ಕೈಯಲ್ಲಿ ಹಣವಿಲ್ಲದೆ ಬಿದಿರಿನ ಕೋಲಿನಲ್ಲಿ ಆಡಿ ಬೆಳೆದ ಹುಡುಗ ಈತ. 2007ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಅಂಗಿ ತೊಟ್ಟರು. ಆ ಕಪ್ ಭಾರತಕ್ಕೇ ಬಂತು. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಷಾ ಕಪ್ ಆಡುತ್ತಿದ್ದಾಗ ತಂದೆಯ ನಿಧನದ ಸುದ್ದಿ ಬಂತು. ಸುನಿಲ್ ಊರಿಗೆ ಮರಳದೆ ತಂಡದ ಜೊತೆಗೇ ಉಳಿದರು. ಆ ಕಪ್ಪನ್ನೂ ಭಾರತ ಗೆದ್ದಿತು. ಊರು ಬಿಟ್ಟು ಬಂದ ನಮಗೆ ಇಂಥ ಸುದ್ದಿ ದೂರದಲ್ಲಿ ಕುಳಿತು ಕೇಳುವುದೆಂದರೆ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಪಂದ್ಯಗಳನ್ನೆಲ್ಲ ಸೋತು ಭಾರತ ಕೊನೆಯ ಸ್ಥಾನಕ್ಕೆ ಇಳಿಯಿತು. ಆ ಅವಮಾನ ನುಂಗಿದ ತಂಡದಲ್ಲಿ ಸುನಿಲ್ ಇದ್ದರು. ಎರಡೇ ವರ್ಷಗಳಲ್ಲಿ, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿ 16 ವರ್ಷಗಳ ಬಳಿಕ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಆ ಚಿನ್ನದಿಂದಲೇ ಭಾರತಕ್ಕೆ ರಿಯೋ ಒಲಿಂಪಿಕ್ಸ್‌ನ ಬಾಗಿಲು ತೆರೆಯಿತು. ಬಲಬದಿಯಲ್ಲಿ ಗಾಳಿಯಂತೆ ಓಡಿ ಚೆಂಡನ್ನು ಎದುರಾಳಿಯ ಗೋಲಿನ ಬಳಿಗೆ ತಂದುಕೊಡುವುದು ಅವರ ಕೆಲಸ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಂದುಕೊಟ್ಟವರ ಹೆಸರು ಬರುವುದು ಕಡಿಮೆ. ಆದರೂ 2021ರಲ್ಲಿ ನಿವೃತ್ತಿ ಘೋಷಿಸುವ ವೇಳೆಗೆ 264 ಪಂದ್ಯಗಳಲ್ಲಿ 72 ಗೋಲು ಅವರದೇ ಹೆಸರಿನಲ್ಲಿದ್ದವು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು.

2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಬಳಿಕ ಭಾರತ ಒಲಿಂಪಿಕ್ಸ್ ಪದಕ ಗೆದ್ದಾಗ ದೇಶವೇ ಕುಣಿಯಿತು. ಆ ತಂಡಕ್ಕೆ ಸುನಿಲ್ ಆಯ್ಕೆಯಾಗಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಹದಿನಾಲ್ಕು ವರ್ಷ ನೀರೆರೆದವರು ಹಣ್ಣು ಕೊಯ್ಯುವ ದಿನ ತೋಟದಲ್ಲಿರಲಿಲ್ಲ. ಹಾಗೆಂದು ಅವರ ದುಡಿಮೆ ಸುಳ್ಳಾಗುತ್ತದೆಯೇ?

ನಮ್ಮ ಪುಣೆಯ ಉದಾಹರಣೆಯನ್ನೇ ನೋಡೋಣ. ಖಡ್ಕಿಯಲ್ಲಿ ಆರ್ಡನೆನ್ಸ್ ಫ್ಯಾಕ್ಟರಿಯ ಮೈದಾನ ನೋಡಿಕೊಳ್ಳುತ್ತಿದ್ದ ತಮಿಳು ಗೃಹಸ್ಥರ ಮಗ, ಮುರಿದ ಸ್ಟಿಕ್‌ಗಳಲ್ಲಿ ಆಟ ಕಲಿತು ಧನರಾಜ್ ಪಿಳ್ಳೈ ಆದರು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್ ಆಡಿದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಅವರ ನಾಯಕತ್ವದಲ್ಲಿ ಬಂದ ಚಿನ್ನಕ್ಕೆ ನಮ್ಮ ಬೆಂಗಳೂರಿನ ಗೋಲ್‌ಕೀಪರ್ ಆಶಿಷ್ ಬಲ್ಲಾಳ್ ಟೈಬ್ರೇಕರ್‌ನಲ್ಲಿ ಕಾವಲು ನಿಂತಿದ್ದರು. ಧನರಾಜ್ ಅವರಿಗೂ ಒಲಿಂಪಿಕ್ಸ್ ಪದಕ ದಕ್ಕಲಿಲ್ಲ. ಸಭೆಯಲ್ಲಿ ಕೇಳಿದ ಪ್ರಶ್ನೆಯೇ ಅಳತೆಗೋಲಾದರೆ ಅವರೂ ನಮ್ಮ ಪಟ್ಟಿಯಲ್ಲಿ ಬರುವುದಿಲ್ಲ!

ಚಿಂತಿಸಬೇಕಾದ ಇನ್ನೊಂದು ವಿಷಯವಿದೆ. 1972ರ ಮ್ಯೂನಿಕ್ ಕಂಚಿನ ತಂಡದಲ್ಲಿ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ ಇದ್ದರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ. ಎಂ. ಸೋಮಯ್ಯ ಇದ್ದರು. 2016ರ ರಿಯೋ ತಂಡದಲ್ಲಂತೂ ಸುನಿಲ್, ರಘುನಾಥ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಹೀಗೆ ಕರ್ನಾಟಕದ ನಾಲ್ವರಿದ್ದರು. ಆದರೆ ಪದಕ ಬಂದ 2021ರ ಟೋಕಿಯೊ ತಂಡದಲ್ಲಾಗಲಿ, 2024ರ ಪ್ಯಾರಿಸ್ ತಂಡದಲ್ಲಾಗಲಿ ಕರ್ನಾಟಕದ ಒಬ್ಬರೂ ಇರಲಿಲ್ಲ. ಕಾರಣಗಳು ಹಲವು ಇರಬಹುದು. ಅವುಗಳಲ್ಲಿ ಒಂದು ನಮ್ಮಂಥ ಮಧ್ಯಮ ವರ್ಗದ ಮನೆಗಳಲ್ಲೇ ಇದೆ ಎಂದು ನಾನು ಬಲ್ಲೆ.

ಏಕೆಂದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮಗ ಪಿಂಪ್ರಿಯ ನೆಹರೂನಗರದ ಹಾಕಿ ಮೈದಾನಕ್ಕೆ ಎರಡು ವರ್ಷ ಹೋಗಿದ್ದ. ವಾಕಡದಿಂದ ಬೆಳಿಗ್ಗೆ ಐದೂವರೆಗೆ ಸ್ಕೂಟರಿನಲ್ಲಿ ನಾನೇ ಬಿಡುತ್ತಿದ್ದೆ. ಹತ್ತನೇ ತರಗತಿ ಬರುತ್ತಲೇ "ಇನ್ನು ಸಾಕು ಮಗಾ, ಕ್ಲಾಸಿಗೆ ಸೇರಿಕೋ" ಎಂದೆ. ಆತ ಎದುರು ಮಾತಾಡಲಿಲ್ಲ. ಸ್ಟಿಕ್ಕನ್ನು ಅಟ್ಟದ ಮೇಲಿಟ್ಟ. ಆತ ದೊಡ್ಡ ಆಟಗಾರನಾಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಆಗುತ್ತಿದ್ದನೋ ಇಲ್ಲವೋ ತಿಳಿಯುವ ಅವಕಾಶವನ್ನೇ ನಾನು ಕೊಡಲಿಲ್ಲ. ನನ್ನ ಬಳಿ ಸ್ಟಿಕ್‌ಗೆ ಹಣವಿತ್ತು, ಧೈರ್ಯವಿರಲಿಲ್ಲ. ಸೋಮವಾರಪೇಟೆಯ ಆ ಬಡಗಿಯ ಮನೆಯಲ್ಲಿ ಹಣವಿರಲಿಲ್ಲ, ಧೈರ್ಯವಿತ್ತು.

ಆದುದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಪ್ರತಿಭಾ ಪುರಸ್ಕಾರದ ನಿಧಿಯಲ್ಲಿ ಸ್ವಲ್ಪ ಭಾಗ ಮೈದಾನಕ್ಕೂ ಇರಲಿ. ಆಟದಲ್ಲಿ ಆಸಕ್ತಿಯುಳ್ಳ ಇಬ್ಬರು ಬಡ ಕನ್ನಡಿಗರ ಮಕ್ಕಳಿಗೆ ವರ್ಷಕ್ಕೊಮ್ಮೆ ಸ್ಟಿಕ್, ಬೂಟು, ಬಸ್ಸಿನ ಪಾಸು ಕೊಡಿಸಿದರೂ ಸಾಕು. ಶಾಲು, ಫಲಪುಷ್ಪ, ಸ್ಮರಣಿಕೆಗಳಿಗೆ ಆಗುವ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವೇನಲ್ಲ. ನಿವೃತ್ತರಾದ ನಮ್ಮ ಸದಸ್ಯರು ಸರದಿಯ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ಹೊಣೆ ಹೊತ್ತರೆ ಇನ್ನೂ ಒಳ್ಳೆಯದು. ಆ ಸರದಿಯಲ್ಲಿ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.

ಸುನಿಲ್ ಅವರನ್ನು ಸನ್ಮಾನಿಸುವುದಾದರೆ ಈಗಲೂ ತಡವಾಗಿಲ್ಲ. ಆದರೆ ಆ ವೇದಿಕೆಯ ಮೇಲೆ ಅವರ ಕೈಯಿಂದಲೇ ನಮ್ಮ ಮಗುವೊಂದಕ್ಕೆ ಹಾಕಿ ಸ್ಟಿಕ್ ಕೊಡಿಸೋಣ. ಬಿದಿರಿನ ಕೋಲಿನಲ್ಲಿ ಆಟ ಕಲಿತವರಿಗೆ ನಾವು ಹೊದಿಸುವ ಶಾಲಿಗಿಂತ ಅದೇ ಹೆಚ್ಚು ಸಂತೋಷ ಕೊಟ್ಟೀತು.